ಮಸ್ಕಿಯಲ್ಲಿ ನಾನು ಬ್ರಿಟಿಷರನ್ನು ಓಡಿಸಿದ್ದು

ಬ್ರಿಟಿಷ್ ಸಾಮ್ರಾಜ್ಯದ ಇತಿಹಾಸವನ್ನು ಸಿಂಧನೂರಿನಲ್ಲಿ ನನ್ನಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ಇವತ್ತಿಗೂ ಹೇಳುತ್ತೇನೆ, ಯಾರ ಅಂಜಿಕೆ? ಗುಮಾಸ್ತಗಿರಿ ಹೊಟ್ಟೆಗೆ, ಇದು ಹೆಮ್ಮೆಗೆ. ಗ್ರಂಥಾಲಯದ ಮೂರು ದಪ್ಪ ಸಂಪುಟಗಳನ್ನು ರೊಟ್ಟಿ ತಿನ್ನುವಾಗಲೂ ಕೆಳಗಿಡದೆ ಓದಿದ್ದೆ. ಲಂಡನ್ನಿನ ಓಣಿ ಓಣಿ ನನಗೆ ಗೊತ್ತಿತ್ತು!

ತೊಂಬತ್ತರ ದಶಕದ ಒಂದು ಆಗಸ್ಟ್ ಹದಿನೈದಕ್ಕೆ ಮಸ್ಕಿಯಿಂದ ಭಾಷಣಕ್ಕೆ ಕರೆ ಬಂತು. ಮಸ್ಕಿ ನನ್ನ ಹೆಂಡತಿ ನೀಲಮ್ಮನ ತವರು. 'ನಮ್ಮ ಅಳಿಯ ಓದಿ ಓದಿ ಕೆಟ್ಟಾನ' ಎಂದು ಲಿಂಗಸುಗೂರಿನ ಸಂತೆಯವರೆಗೂ ಸಾರಿ ಬಂದಿದ್ದ ಮಾವನವರು ಮುಂದಿನ ಸಾಲಿನಲ್ಲೇ ಕೂರುವವರಿದ್ದರು. ಅವರೆದುರು ನನ್ನ ಓದಿಗೆ ಬೆಲೆ ಬರಲೇಬೇಕಿತ್ತು. ಮೂರನೆಯ ಸಂಪುಟವನ್ನು ಬಗಲಲ್ಲಿಟ್ಟುಕೊಂಡು ನೀಲಮ್ಮನೊಡನೆ ಬಸ್ಸು ಹತ್ತಿದೆ.

"ಮಹನೀಯರೇ! ನಲವತ್ತೇಳರ ಆ ದಿನ ಇದೇ ಮಸ್ಕಿಯಿಂದ ಬಿಳಿಯರು ಗಂಟುಮೂಟೆ ಕಟ್ಟಿದರು! ಮನೆಮನೆಯ ಮೇಲೆ ತ್ರಿವರ್ಣ ಧ್ವಜ ಹಾರಿತು!"

ಚಪ್ಪಾಳೆ ಬಿತ್ತು. ಮಾವನವರು ಮೀಸೆ ಮುಟ್ಟಿಕೊಂಡರು. ಅಲ್ಲಿಗೇ ಮುಗಿಸಬೇಕಿತ್ತು. "ಬೇಕಾದರೆ ನಿಮ್ಮ ಹಿರಿಯರನ್ನೇ ಕೇಳಿ!" ಎಂದುಬಿಟ್ಟೆ.

ಹೆಂಗಸರ ನಡುವೆ ಅತ್ತೆ ಕೂತಿದ್ದರು. ಅಳಿಯನ ಜೊತೆ ನೇರ ಮಾತಾಡುವ ರೂಢಿ ಅವರಿಗಿಲ್ಲ. ಏನಿದ್ದರೂ ಮಗಳ ಮೂಲಕ. ಸೆರಗು ಎಳೆದುಕೊಂಡು ನೀಲಮ್ಮನ ಕಿವಿಯಲ್ಲಿ ಏನೋ ಅಂದರು. ನೀಲಮ್ಮ ಎದ್ದು ನಿಂತಳು.

"ಯಾವ ಬಿಳೇ ಮಂದಿ ಅಂತ ಅವ್ವ ಕೇಳಾಕತ್ತಾಳ್ರೀ. ಆಕಿ ಒಬ್ಬರನ್ನೂ ನೋಡಿಲ್ಲಂತ. ಇಲ್ಲಿ ನಿಜಾಮನ ಸರ್ಕಾರ ಇತ್ತಂತ."

"ಪುಸ್ತಕದಾಗ ಐತಿ ಅಂತ ಹೇಳು ನಿಮ್ಮವ್ವಗ!"

ಮತ್ತೆ ಕಿವಿಮಾತು.

"ಆವತ್ತು ಝಂಡಾ ಏರ್ಸಿದ್ರ ನಿಜಾಮನ ಕಡೆ ರಜಾಕಾರ್ರು ಬಿಡ್ತಿದ್ರೇನು ಅಂತಾಳ. ಬಾಗ್ಲಾ ಹಾಕ್ಕೊಂಡು ಕುಂತಿದ್ರಂತ. ಇಲ್ಲಿಗೆ ಸ್ವಾತಂತ್ರ್ಯ ಬಂದದ್ದು ಮುಂದಿನ ವರ್ಷ ಅಂತ. ಆ ಪುಸ್ತಕದಾಗ ಮಸ್ಕಿ ಇದ್ರ ತಗದು ತೋರಿಸಬೇಕಂತ್ರೀ!"

ತೋರಿಸದೆ ಬಿಡುತ್ತೇನೆಯೇ! ಮೈಕಿನ ಮುಂದೆಯೇ ಸಂಪುಟದೊಳಗಿನ ನಕಾಶೆ ಬಿಚ್ಚಿದೆ. ಬ್ರಿಟಿಷರು ಆಳಿದ ಸೀಮೆಗೆ ಕೆಂಪು ಬಣ್ಣ. ನಿಜಾಮನ ಕೈಯಲ್ಲಿದ್ದ ನಮ್ಮ ಸೀಮೆಗೆ ಹಳದಿ! ಆ ಹಳದಿಯಲ್ಲಿ ಮಸ್ಕಿಯ ಹೆಸರೂ ಇಲ್ಲ, ಸಿಂಧನೂರಿನ ಹೆಸರೂ ಇಲ್ಲ. ಮೂರು ಸಂಪುಟ ಓದಿದ ಮಹಾಶಯ ಇದನ್ನು ಕಂಡದ್ದು ಅವತ್ತೇ ಮೊದಲು.

"ನಕಾಶೆಯಲ್ಲಿ ಬ್ರಿಟಿಷರು ನಮ್ಮ ಊರುಗಳನ್ನೇ ಬಿಟ್ಟಿದ್ದಾರೆ, ಅದು ಅವರ ತಪ್ಪು!" ಎಂದು ಗುಡುಗಿದೆ. ಮಾವನವರು ಮೀಸೆಯಿಂದ ಕೈ ತೆಗೆದರು.

ಮರುತಿಂಗಳು ಹದಿನೇಳಕ್ಕೆ, ನಿಜಾಮನ ಆಳ್ವಿಕೆ ಮುಗಿದ ದಿನಕ್ಕೆ, ಊರವರು ಭಾಷಣಕ್ಕೆ ಅತ್ತೆಯನ್ನೇ ಕರೆದರು. ಅವರು ಮೈಕು ಮುಟ್ಟಲು ಒಪ್ಪಲಿಲ್ಲ. ಅತ್ತೆ ಮಗಳಿಗೆ ಹೇಳುವುದು, ಮಗಳು ನನಗೆ ಹೇಳುವುದು, ನಾನು ಜನರಿಗೆ ಹೇಳುವುದು ಎಂದು ಮಾವನವರು ತೀರ್ಮಾನ ಕೊಟ್ಟರು. ಒಪ್ಪಿಕೊಂಡೆ. ಏನೇ ಅನ್ನಿ, ವೇದಿಕೆ ವೇದಿಕೆಯೇ! ಆದರೆ ಸೋತವನಂತೆ ನಿಲ್ಲುವ ಜಾಯಮಾನ ನನ್ನದಲ್ಲ. ನಡುವೆ ಲಂಡನ್ನಿನ ಬಗ್ಗೆ ನನ್ನದೂ ಎರಡು ಮಾತು ಸೇರಿಸಿದೆ.

ನೀಲಮ್ಮ ಮೈಕಿನತ್ತ ಬಾಗಿದಳು. ಇಡೀ ಮಸ್ಕಿಗೆ ಕೇಳಿಸಿತು.

"ಇದನ್ನ ಅವ್ವ ಹೇಳಿಲ್ರೀ!"

ಅವತ್ತಿನ ದೊಡ್ಡ ಚಪ್ಪಾಳೆ ಬಿದ್ದದ್ದು ಆಗಲೇ. ಅದರಲ್ಲಿ ನನ್ನ ಪಾಲೂ ಇದೆ ಎಂದು ಈಗಲೂ ವಾದಿಸುತ್ತೇನೆ. ಮೈಕು ಹಿಡಿದು ನಿಂತವನು ನಾನೇ ತಾನೇ!