ಬೆಸುಗೆ ಹಾಕಿ ಅತ್ತೆ

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಹೊಲಿಯುವವರೇ. ನಾನು ಬಟ್ಟೆ ಹೊಲಿಯುತ್ತೇನೆ, ನನ್ನ ಹೆಂಡತಿ ಕಬ್ಬಿಣ ಹೊಲಿಯುತ್ತಾಳೆ. ಮುಂದಿನ ಕೋಣೆ ನನ್ನ ಟೈಲರ್ ಅಂಗಡಿ. ಹಿತ್ತಲಿನ ತಗಡಿನ ಶೆಡ್ಡು ಅವಳ ವೆಲ್ಡಿಂಗ್ ಸಾಮ್ರಾಜ್ಯ. ಈ ಸಂಸಾರದಲ್ಲಿ ನನ್ನದೊಂದೇ ಕೊರಗು. ನನ್ನ ಕತ್ತರಿಯನ್ನು ಅವಳು ಕೇಳದೇ ಒಯ್ದು ಏನನ್ನು ಬೇಕಾದರೂ ಕತ್ತರಿಸಬಹುದು. ಅವಳ ಶೆಡ್ಡಿನಲ್ಲಿ ನಾನು ಕೆಮ್ಮಬೇಕಾದರೂ ಅಪ್ಪಣೆ ಬೇಕು.

"ನೈಲಾನ್ ಶರ್ಟಲ್ಲಿ ಒಳಗೆ ಬರ್ಬೇಡಿ, ಕಿಡಿ ಬಿದ್ರೆ ಕರಗಿ ಮೈಗೆ ಅಂಟ್ಕೊಳ್ಳುತ್ತೆ."

"ಚಿಂದಿ ಚೀಲ ಇಲ್ಯಾಕೆ ತಂದಿಟ್ರಿ? ಬೆಂಕಿಗೆ ಊಟ ಹಾಕೋಕಾ?"

"ರೀ, ಬೆಳಕು ನೋಡ್ಬೇಡಿ! ದೂರದಿಂದಾನೂ ನೋಡ್ಬೇಡಿ!"

ಇತ್ತೀಚೆಗೆ ಒಂದು ಪ್ಲಾಸ್ಮಾ ಕಟರ್ ಬೇರೆ ತಂದಳು. ದಪ್ಪ ತಗಡನ್ನು ಬೆಣ್ಣೆಯಂತೆ ಕೊಯ್ಯುವ ಯಂತ್ರ. ಜೀವಮಾನವಿಡೀ ಕತ್ತರಿ ಹಿಡಿದವನ ಕೈ ತುರಿಸದೇ ಇರುತ್ತದೆಯೇ? "ಒಂದೇ ಒಂದ್ಸಲ..." ಎಂದೆ. "ಕಬ್ಬಿಣಾನೇ ಬಿಡಲ್ಲ ಅದು, ನಿಮ್ಮ ತೊಡೆ ಯಾವ ಲೆಕ್ಕ?" ಎಂದವಳೇ ಅದನ್ನು ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೀಗಿರುವಾಗ ಮಗಳ ಮದುವೆಯ ಮಾತು ಬಂತು. ಹುಡುಗನನ್ನು ಅವಳೇ ಮೆಚ್ಚಿದ್ದಳು, ನಮಗೂ ಒಪ್ಪಿಗೆಯಾಗಿತ್ತು. ಅವನ ತಂದೆತಾಯಿ ಅವತ್ತು ಸಂಜೆ ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು. ಬೆಳಿಗ್ಗೆ ನೋಡಿದರೆ ಮುಂದಿನ ಗೇಟಿನ ಕೀಲು ಮುರಿದು, ಗೇಟು ಕುಡುಕನ ಹಾಗೆ ಗೋಡೆಗೆ ಒರಗಿ ನಿಂತಿದೆ.

"ಮಧ್ಯಾಹ್ನ ಬಂದು ನಾನೇ ಹಾಕ್ತೀನಿ, ನೀವು ಮುಟ್ಬೇಡಿ," ಎಂದು ಹೇಳಿ ಹೆಂಡತಿ ಯಾರದೋ ಮನೆಯ ಮೆಟ್ಟಿಲಿಗೆ ಕಂಬಿ ಕೂರಿಸಲು ಹೊರಟಳು. ತನ್ನ ಮುಖವಾಡ, ಚರ್ಮದ ಕೈಗವಸು ಎಲ್ಲವನ್ನೂ ಜೊತೆಗೇ ಒಯ್ದಳು.

"ಮುಟ್ಬೇಡಿ" ಎಂದಳಲ್ಲ, ಅಲ್ಲಿಗೆ ನನ್ನ ಪೌರುಷ ಎಚ್ಚೆತ್ತಿತು. ಹರಿದದ್ದನ್ನು ಕೂಡಿಸುವುದೇ ಹೊಲಿಗೆ, ಬಟ್ಟೆಯಾದರೇನು, ಕಬ್ಬಿಣವಾದರೇನು? ಶೆಡ್ಡಿನಲ್ಲಿದ್ದ ಹಳೆಯ ಮೆಷಿನ್ನನ್ನು ಗೇಟಿನವರೆಗೆ ಎಳೆದು ತಂದೆ. ಕೈಗವಸಿನ ಬದಲು ಒಲೆಯಿಂದ ಪಾತ್ರೆ ಇಳಿಸುವ ಬಟ್ಟೆ ಸುತ್ತಿಕೊಂಡೆ. ಕಣ್ಣಿಗೆ? ಬೀರುವಿನ ಮೇಲೆ ಅತ್ತೆಯ ಮಂಡಿಯ ಎಕ್ಸ್‌ರೇ ಇತ್ತು. (ಅತ್ತೆ ಎಂದರೆ ಹೆಂಡತಿಯ ತಾಯಿ. ನಮ್ಮ ಜೊತೆಗೇ ಇದ್ದಾರೆ. ಮಂಡಿಯೂ.) ಆ ಹಾಳೆಯನ್ನು ಅಳತೆ ಟೇಪಿನಿಂದ ಹಣೆಗೆ ಬಿಗಿದುಕೊಂಡೆ.

ಜಗಲಿಯ ಮೇಲೆ ಕೂತಿದ್ದ ಅತ್ತೆ ನನ್ನನ್ನು ನೋಡಿ, "ಅಳಿಯಂದ್ರೇ, ಅದು ನನ್ನ ಮಂಡಿ ಅಲ್ವಾ?" ಎಂದರು.

"ಒಂದ್ ಗಳಿಗೆ ಕೊಡಿ ಅತ್ತೆ, ವಾಪಸ್ ಕೊಡ್ತೀನಿ."

"ನನ್ನ ಮಗಳಿಗೆ ಗೊತ್ತಾದ್ರೆ ನಿಮ್ಮ ಮಂಡೀದೂ ಒಂದು ತೆಗೆಸ್ಬೇಕಾಗತ್ತೆ," ಎಂದು ಮುದುಕಿ ಬೆಳಕಿಗೆ ಬೆನ್ನು ತಿರುಗಿಸಿ ಕೂತರು. ನಾನೂ ಹಾಗೇ ಬೆನ್ನು ತಿರುಗಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ವೆಲ್ಡಿಂಗ್ ಕಡ್ಡಿಯನ್ನು ಕೀಲಿಗೆ ತಾಗಿಸಿದೆ. ಅದು ಜಿಗಣೆಯಂತೆ ಕಚ್ಚಿಕೊಂಡಿತು. ಕಿತ್ತೆ. ಮತ್ತೆ ತಾಗಿಸಿದೆ. ಚಟಪಟ ಸದ್ದು, ನೀಲಿ ಬೆಳಕು, ಕಿಡಿಗಳ ಮಳೆ! ಮಂಡಿಯ ಎರಡು ಎಲುಬುಗಳ ನಡುವಿನ ಸಂದಿಯಿಂದ ನಾನು ಕಂಡ ಆ ದಿವ್ಯ ಪ್ರಭೆಯನ್ನು ಏನೆಂದು ಬಣ್ಣಿಸಲಿ? ಕೆಲಸ ಮುಗಿದಾಗ ಅಂಗಿಯ ತುಂಬ ತೂತು, ಕತ್ತು ಕೆಂಪಡರಿ ಉರಿಯುತ್ತಿತ್ತು. ಆದರೆ ಗೇಟು ನಿಂತಿತ್ತು! ಎಲ್ಲವನ್ನೂ ಎತ್ತಿಟ್ಟು, ಮಂಡಿಯನ್ನು ಮೊದಲಿನ ಜಾಗಕ್ಕೆ ಸೇರಿಸಿ, ಸ್ನಾನ ಮಾಡಿ, ಕತ್ತು ಮುಚ್ಚುವಂಥ ಅಂಗಿ ತೊಟ್ಟು ಸಂಭಾವಿತನಾದೆ.

ಮಧ್ಯಾಹ್ನ ಹೆಂಡತಿ ಬಂದು ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಯಾರು ಮಾಡಿದ್ದು ಇದು?"

"ಯಾರೋ ವೆಲ್ಡರ್ ಬಂದಿದ್ದ," ಎಂದೆ.

"ಯಾವ ಮುಠ್ಠಾಳ? ಕಾಗೆ ಹಿಕ್ಕೆ ಹಾಕ್ದಂಗೆ ಹಾಕಿದ್ದಾನೆ! ಇವನಿಗೆ ಕಡ್ಡಿ ಕೊಟ್ಟೋರ್ಯಾರು?"

"ಮುಠ್ಠಾಳನೇ ಕಣೇ," ಎಂದು ನಾನೂ ದನಿಗೂಡಿಸಿದೆ. ನನ್ನನ್ನು ನಾನೇ ಅಷ್ಟು ಮನಸಾರೆ ಬೈದುಕೊಂಡದ್ದು ಅದೇ ಮೊದಲು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಂಜೆ ಬೀಗರಾಗುವವರು ಬಂದರು. ಅವರು ಕುರ್ಚಿಯಲ್ಲಿ ಕೂರುವುದಕ್ಕೂ, ನನ್ನ ಕಣ್ಣಲ್ಲಿ ಯಾರೋ ಹಿಡಿ ಮರಳು ಎರಚಿದಂತಾಗುವುದಕ್ಕೂ ಸರಿಹೋಯಿತು. ಅಲ್ಲಿಯವರೆಗೆ ಏನೂ ಆಗಿರಲಿಲ್ಲ! ದೀಪ ನೋಡಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಉಜ್ಜಿದೆ. ಉರಿ ಇಮ್ಮಡಿಯಾಯಿತು. ನೀರು ಧಾರೆಧಾರೆಯಾಗಿ ಸುರಿಯತೊಡಗಿತು.

ಬೀಗರು ಆಗಷ್ಟೇ, "ಮದುವೆ ಆದ್ಮೇಲೆ ಹುಡುಗಿ ನಮ್ಮೂರಿಗೇ ಬರ್ಬೇಕಾಗತ್ತೆ, ಹುಡುಗನ ಕೆಲಸ ಅಲ್ಲೇ ನೋಡಿ," ಎಂದಿದ್ದರು. ನನ್ನ ಕೆನ್ನೆಯ ಮೇಲಿನ ಪ್ರವಾಹ ಕಂಡು ಅವರ ಮಾತು ನಿಂತೇಹೋಯಿತು.

"ಅಯ್ಯೋ, ಹೆತ್ತ ಕರುಳು!" ಎಂದರು ಬೀಗಿತ್ತಿ. ಅವರ ಕಣ್ಣಲ್ಲೂ ನೀರು. "ಅಳ್ಬೇಡಿ ಅಣ್ಣಾ."

"ಇಲ್ಲ, ಇಲ್ಲ, ನಾನು ಸಂತೋಷವಾಗೇ ಇದ್ದೀನಿ," ಎಂದು ಬಿಕ್ಕಿದೆ. ಮೂಗೂ ಸುರಿಯುತ್ತಿತ್ತು.

ಬೀಗಿತ್ತಿ ಗಂಡನ ಕಡೆ ತಿರುಗಿದರು. "ಇಂಥ ತಂದೆಯಿಂದ ಮಗಳನ್ನ ಕಿತ್ಕೊಂಡು ಹೋಗೋ ಪಾಪ ನಮಗೆ ಬೇಡ ರೀ. ಒಂದೆರಡು ವರ್ಷ ಕಳೀಲಿ. ಇವರ ಮನಸ್ಸು ಗಟ್ಟಿ ಆಗ್ಲಿ, ಆಮೇಲೆ ನೋಡೋಣ."

ಮಗಳು ನನ್ನ ಪಕ್ಕ ಬಂದು ಬಗ್ಗಿದಳು. ಮಂಜು ಮಂಜಾಗಿ ಕಂಡಿತು ಅವಳ ಮುಖ. "ಅಪ್ಪಾ," ಎಂದಳು ಮೆಲ್ಲಗೆ, "ನಿಂಗೆ ಇಷ್ಟ ಇಲ್ದಿದ್ರೆ ಮೊದ್ಲೇ ಹೇಳ್ಬಹುದಿತ್ತಲ್ವಾ?" ಕೊನೆಯ ಮಾತಿಗೆ ಅವಳ ದನಿ ಒಡೆಯಿತು.

ಮಾನ ದೊಡ್ಡದೋ ಮಗಳು ದೊಡ್ಡವಳೋ? ಎದ್ದು ನಿಂತು ಕೂಗಿದೆ. "ಇದು ದುಃಖ ಅಲ್ಲ! ವೆಲ್ಡಿಂಗು!"

ಅತ್ತೆ ತಣ್ಣಗೆ ಹೇಳಿದರು. "ಹೌದು, ಬೆಳಿಗ್ಗೆ ನನ್ನ ಮಂಡೀನ ಹಣೆಗೆ ಕಟ್ಕೊಂಡು ಗೇಟು ಸುಟ್ರು."

"ಹಾಗಾದ್ರೆ," ಬೀಗಿತ್ತಿ ಕಣ್ಣೊರೆಸುವುದನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದರು, "ನಾನು ಅತ್ತಿದ್ದು ವೆಲ್ಡಿಂಗ್‌ಗಾ?"

ಮೊದಲು ನಕ್ಕವರು ಬೀಗರು. ಆಮೇಲೆ ಮಗಳು. ನಗದೇ ಇದ್ದವಳು ಹೆಂಡತಿ ಒಬ್ಬಳೇ. ನನ್ನ ಗಲ್ಲ ಹಿಡಿದೆತ್ತಿ ಕಣ್ಣು ನೋಡಿದಳು. "ಉಜ್ಜಬೇಡಿ. ದೀಪ ನೋಡ್ಬೇಡಿ. ಏಳಿ, ಡಾಕ್ಟ್ರ ಹತ್ರ ಹೋಗೋಣ." ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಣ್ಣಿನ ಡಾಕ್ಟರು, ವೆಲ್ಡಿಂಗ್ ಬೆಳಕಿಗೆ ಕಣ್ಣಿನ ಮೇಲ್ಪದರ ಸುಟ್ಟಿದೆ, ಪುಣ್ಯಕ್ಕೆ ಬೇಗ ವಾಸಿಯಾಗುತ್ತದೆ ಎಂದು ಹನಿಮದ್ದು ಬರೆದುಕೊಟ್ಟರು. ಎಕ್ಸ್‌ರೇ ಹಾಳೆಯ ವಿಷಯ ಕೇಳಿ, "ಅದು ಮೂಳೆ ನೋಡೋಕೆ ಕಣ್ರೀ, ಸೂರ್ಯನ್ನ ತಡೆಯೋಕಲ್ಲ," ಎಂದರು. ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದೆ. ಪಕ್ಕದ ಕೋಣೆಯಲ್ಲಿ ಮದುವೆಯ ಮಾತು ಸರಾಗವಾಗಿ ನಡೆಯಿತು. "ಅವರನ್ನ ಒಂದ್ಮಾತು ಕೇಳೋದು ಬೇಡ್ವಾ?" ಎಂದು ಬೀಗರು ಅಂದಾಗಲೆಲ್ಲ, "ಅವರಿಗೆ ಏನೂ ಕಾಣಲ್ಲ, ಬಿಡಿ," ಎನ್ನುತ್ತಿದ್ದಳು ನನ್ನ ಹೆಂಡತಿ. ಛತ್ರ, ದಿನ, ನಾನು ತೊಡಬೇಕಾದ ಅಂಗಿಯ ಬಣ್ಣ, ಎಲ್ಲ ಹಾಗೇ ನಿಶ್ಚಯವಾದವು.

ಮದುವೆಯೂ ಆಯಿತು. ಮಗಳು ಹೊರಟು ನಿಂತಳು. ಆಗ ನಾನು ಅತ್ತೆ. (ಈ ಅತ್ತೆ ಬೇರೆ, ಅಳುವ ಅತ್ತೆ.) ಎದೆ ಒಡೆದು ಹೋಗುವ ಹಾಗೆ ಅತ್ತೆ. ಬೀಗಿತ್ತಿ ಹತ್ತಿರ ಬಂದವರು ಈ ಸಲ ಕರಗಲಿಲ್ಲ. "ಗಾಬರಿ ಆಗ್ಬೇಡಿ, ನಮ್ಮ ಬೀಗರಿಗೆ ಇದು ಮಾಮೂಲಿ," ಎಂದು ನೆಂಟರಿಗೆಲ್ಲ ಸಾರಿದರು. ಯಾರೋ ನನ್ನನ್ನು ನೆರಳಿಗೆ ಎಳೆದು ಕೂರಿಸಿದರು. ಇನ್ಯಾರೋ ಕರವಸ್ತ್ರ ನೆನೆಸಿ ತಂದು ಕಣ್ಣಿಗೆ ಒತ್ತಿದರು.

ಮಗಳು ಬಂದು ಆ ಕರವಸ್ತ್ರ ಎತ್ತಿ ನೋಡಿದಳು. ಅವಳ ಕಣ್ಣೂ ತುಂಬಿ, ಇನ್ನೇನು ತುಳುಕುವುದರಲ್ಲಿತ್ತು. "ಅಪ್ಪಾ, ನಿಜ ಹೇಳು. ಇವತ್ತೇನು ಬೆಸೆದೆ?"

ಏನೂ ಇಲ್ಲಮ್ಮ ಎಂದಿದ್ದರೆ ಅವಳೂ ಅತ್ತುಬಿಡುತ್ತಿದ್ದಳು. "ಬಚ್ಚಲುಮನೆ ಚಿಲಕ," ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕಾರು ಹತ್ತಿ, ನಗುತ್ತಲೇ ಕೈಬೀಸಿ ಹೋದಳು. ಕಾರು ಮರೆಯಾಗುವವರೆಗೂ ನಾನು ನೋಡುತ್ತಾ ನಿಂತೆ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಹೆಂಡತಿಯ ದನಿ ಗುಡುಗಿತು:

"ರೀ! ಚಿಲಕ ಮುಟ್ಟಿದ್ರಾ?"