ಲೀನಿಯಲ್ ಚಹಾ

ನಮ್ಮ ಕಾಕಾನಿಗೆ ಇಂಗ್ಲಿಷಿನಲ್ಲಿ ಬರುವುದು ಒಂದೇ ಶಬ್ದ. ಅದರ ಅರ್ಥ ಗೊತ್ತಿಲ್ಲದಿದ್ದಾಗ ಅದನ್ನು ಬಹಳ ಚೆನ್ನಾಗಿ ಬಳಸುತ್ತಿದ್ದರು. ಅರ್ಥ ಹೇಳಿ ಕೆಡಿಸಿದವಳು ನಾನು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳಿಗೆ ಕೆಡಿಸುವುದು ಎಷ್ಟರ ಕೆಲಸ?

ಕಾಕಾ ನನ್ನ ಅಪ್ಪನ ಖಾಸಾ ತಮ್ಮ. ಅಂದೋಲಾದಲ್ಲಿ ಕಿರಾಣಿ ಅಂಗಡಿ. ಮಕ್ಕಳಿಲ್ಲ, ಆ ಮಾತನ್ನು ಅವರಾಗಿ ಎಂದೂ ಎತ್ತಿದವರಲ್ಲ. ಒಮ್ಮೆ ಜೇವರ್ಗಿಯ ಕಚೇರಿಯೊಂದರ ಮುಂದೆ ವಕೀಲರೊಬ್ಬರು ಯಾರಿಗೋ, "ನೀವು ಲೀನಿಯಲ್ ಅದೀರಿ ಬಿಡ್ರಿ, ಚಿಂತಿಲ್ಲ" ಎಂದದ್ದು ಅವರ ಕಿವಿಗೆ ಬಿತ್ತು. ಕೇಳಿದವನ ಮುಖ ಅರಳಿತಂತೆ. ಇದು ಹೊಗಳಿಕೆಯೇ ಎಂದು ಕಾಕಾ ಅಲ್ಲೇ ತೀರ್ಮಾನಿಸಿದರು.

ಅಂದಿನಿಂದ ಊರಿನಲ್ಲಿ ಚೆಂದ ಇದ್ದದ್ದೆಲ್ಲ ಲೀನಿಯಲ್. ತೊಗರಿ ಲೀನಿಯಲ್, ಪಕ್ಕದ ಮನೆಯ ಎಮ್ಮೆ ಲೀನಿಯಲ್. ಹೋಟೆಲಿನಲ್ಲಿ ಬಶಿಗೆ ಸುರುವಿಕೊಂಡು ಒಂದು ಗುಟುಕು ಹೀರಿ, "ಚಹಾ ಲೀನಿಯಲ್ ಆಗ್ಯದ ನೋಡು" ಎನ್ನುತ್ತಿದ್ದರು. ಹೋಟೆಲಿನವನು ಹಲಗೆಯ ಮೇಲೆ 'ಲೀನಿಯಲ್ ಚಹಾ' ಎಂದು ಬರೆಸಿಯೇಬಿಟ್ಟ!

ರಜೆಗೆ ಹೋದಾಗ ಆ ಹಲಗೆ ನೋಡಿ ನನಗೆ ತಡೆಯಲಾಗಲಿಲ್ಲ. "ಕಾಕಾ, ಅದು ಹಂಗಲ್ಲರಿ" ಎಂದು ಚೀಟಿಯೊಂದರ ಮೇಲೆ ಗೆರೆ ಎಳೆದು ತೋರಿಸಿದೆ. ಮುತ್ತ್ಯಾ, ಮಗ, ಮೊಮ್ಮಗ, ಹೀಗೆ ವಂಶ ಮೇಲಿನಿಂದ ನೆಟ್ಟಗೆ ಇಳಿದರೆ ಲೀನಿಯಲ್. ಅಣ್ಣ ತಮ್ಮ, ಅವರ ಮಕ್ಕಳು ಎಲ್ಲ ಅಡ್ಡಗೆರೆ. ಹೆಂಡತಿ ಗೆರೆಯಲ್ಲೇ ಇಲ್ಲ.

ಕಾಕಾ ಬಿಡುವರೇ? ಇಜೇರಿಯ ಬೀಗರ ಮದುವೆಯಲ್ಲಿ ಊಟದ ಉಸ್ತುವಾರಿ ಇವರದು. ಪಂಕ್ತಿಯ ಬಾಯಿಗೆ ನಿಂತು ಒಬ್ಬೊಬ್ಬರನ್ನೇ ತಡೆದರು.

"ಮದುಮಗಗ ನೀವು ಏನಾಗಬೇಕ್ರಿ?"

"ಸ್ವಾದರಮಾವ."

"ಅಡ್ಡ ಆತು. ಎರಡನೇ ಪಂಕ್ತಿಗೆ ಬರ್ರಿ."

ಮೊದಲ ಪಂಕ್ತಿಯಲ್ಲಿ ಉಂಡವರು ಹುಡುಗನ ತಂದೆತಾಯಿ ಮತ್ತು ಕಿವಿ ಕೇಳದ ಒಬ್ಬ ಮುತ್ತ್ಯಾ, ಅಷ್ಟೇ!

ಮನೆಗೆ ಬಂದು ಕಾಕಿಗೂ ಹೇಳಿದರು: "ನೀ ಲೀನಿಯಲ್ ಅಲ್ಲ."

ಕಾಕಿ ಹಿಟ್ಟಿನ ಕೈ ತೊಳೆದುಕೊಂಡರು. "ಹೌದ್ರಿ? ಹಂಗಾರ ಯಾರು ಲೀನಿಯಲ್ ಅದಾರ, ಅವರೇ ಬಂದು ರೊಟ್ಟಿ ಬಡೀಲಿ."

ಆ ಮಧ್ಯಾಹ್ನ ಕಾಕಾ ತಮ್ಮದೇ ಅಂಗಡಿಯ ಬಿಸ್ಕೀಟು ತಿಂದರು.

ನಾನು ಹೊರಡುವ ದಿನ ಅದೇ ಚೀಟಿ ತಂದು ಮುಂದಿಟ್ಟರು. ಮೇಲೆ ನಮ್ಮ ಮುತ್ತ್ಯಾನ ಹೆಸರು, ಕೆಳಗೆ ತಮ್ಮದು. ಅಲ್ಲಿಂದ ಗೆರೆ ಇನ್ನೊಂದಿಷ್ಟು ಇಳಿದು ಸುಮ್ಮನೆ ನಿಂತಿತ್ತು.

"ಇಲ್ಲಿ ಯಾರನ್ನ ಬರೀಲಿಬೇ?"

ಅಪ್ಪ ಪರವೂರಿನ ನೌಕರಿಯಲ್ಲಿದ್ದಾಗ, ಸೈಕಲ್ಲಿನ ಕಬ್ಬಿಣ ಚುಚ್ಚಬಾರದೆಂದು ಟವೆಲ್ ಸುತ್ತಿ, ಅದರ ಮೇಲೆ ಕೂರಿಸಿಕೊಂಡು ದಿನಾ ನನ್ನನ್ನು ಶಾಲೆಗೆ ಬಿಟ್ಟವರು ಇವರು. ಅಕ್ಷರ ತಿದ್ದಲು ನನ್ನ ಮೊದಲ ಪಾಟಿ ಕೊಡಿಸಿದವರೂ ಇವರೇ. ಅದೇ ವಿದ್ಯೆಯಿಂದ ನಾನು ನನ್ನನ್ನು ಅವರಿಗೆ ಅಡ್ಡಗೆರೆ ಮಾಡಿಬಿಟ್ಟಿದ್ದೆ. ನಾಚಿಕೆಯಾಯಿತು, ಅಳುವೂ ಬಂತು.

"ಕಾಕಾ, ನಾ ತಪ್ಪು ಹೇಳೇನ್ರಿ. ನೀವು ಮೊದಲು ಅಂತಿದ್ದದ್ದೇ ಖರೆ. ಲೀನಿಯಲ್ ಅಂದ್ರ ಚೊಲೋ ಅಂತ, ಅಷ್ಟೇ."

ಕಾಕಾ ನನ್ನನ್ನೇ ನೋಡಿದರು. ಇಷ್ಟು ವರ್ಷ ಅಂಗಡಿ ನಡೆಸಿದವರಿಗೆ ಸುಳ್ಳು ಗೊತ್ತಾಗುವುದಿಲ್ಲವೇ? ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಗೆರೆಯ ತುದಿಗೆ ನಿಧಾನವಾಗಿ ನನ್ನ ಹೆಸರು ಬರೆದರು.

"ಬಸ್ಸಿಗಿ ಇನ್ನಾ ಟೈಮ್ ಅದ. ಒಂದು ಚಹಾ ಮಾಡಬೇ," ಎಂದರು. "ಲೀನಿಯಲ್ ಆಗಬೇಕು ನೋಡು."