ಸಾಹಸ ಚಿತ್ರದ ಮೂವತ್ತೊಂದು ತಪ್ಪುಗಳು

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ಅದಕ್ಕೆಂದೇ ತಿಂಗಳ ಸಂಬಳ ಪಡೆಯುವವರನ್ನು ನೋಡಬೇಕಾದರೆ ನಮ್ಮ ತಪ್ಪಣ್ಣನವರ ಮನೆಗೇ ಬರಬೇಕು. ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಪ್ರೂಫ್ ತಿದ್ದಿ ತಿದ್ದಿ ಅವರಿಗೆ ಆ ಹೆಸರೇ ಗಟ್ಟಿಯಾಗಿತ್ತು. ಮದುವೆಗೆ ಕರೆಯಲು ಬಂದವರ ಎದುರಿಗೇ ಆಹ್ವಾನ ಪತ್ರಿಕೆ ತಿದ್ದುವ ಮಹಾನುಭಾವರು. (ಈಚೆಗೆ ಎಲ್ಲರೂ ಫೋನಿನಲ್ಲೇ ಕರೆಯುತ್ತಾರೆ.)

ಇಂಥವರಿಗೆ ವಾಚನಾಲಯದಲ್ಲಿ ಸಿನಿಮಾ ಚರ್ಚೆ ನಡೆಸುವ ‘ಚಿತ್ರಕೂಟ’ಕ್ಕೆ ಕಾರ್ಯದರ್ಶಿಯಾಗುವ ಆಸೆ ಹುಟ್ಟಿತು. ಆ ಪದವಿಗೆ ಸಂಬಳವಿಲ್ಲ, ಆದರೆ ವೇದಿಕೆಯ ಮೇಲೆ ಕೈಯಿರುವ ಕುರ್ಚಿ ಇದೆ. ಎದುರಾಳಿ ಹಲ್ಲಿನ ಡಾಕ್ಟರು. ಭಾನುವಾರ ಸಂಜೆ ಇಬ್ಬರೂ ಒಂದು ಹಳೆಯ ಸಾಹಸ ಚಿತ್ರದ ಗುಣದೋಷ ತೂಗಿ ಮಾತಾಡಬೇಕು. ಯಾರ ಮಾತು ಸಭೆಗೆ ಹಿಡಿಸುತ್ತದೋ ಅವರಿಗೆ ಕುರ್ಚಿ. ನಿಧಿ, ಬಂಡೆ, ಬಿಳಿ ಕುದುರೆ, ತೂಗುಸೇತುವೆ ಎಲ್ಲವೂ ಇದ್ದ ಆ ಚಿತ್ರ ಊರಿನ ಅರ್ಧ ಜನಕ್ಕೆ ಬಾಯಿಪಾಠವಾಗಿತ್ತು. ತಪ್ಪಣ್ಣ ಮಾತ್ರ ನೋಡಿರಲಿಲ್ಲ.

ಶನಿವಾರ ಊಟ ಮುಗಿಸಿ ಟಿವಿ ಮುಂದೆ ಕೂತರು. ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಿ ನೋಡುತ್ತಾಳೆ, ಚಿತ್ರ ಶುರುವಾದದ್ದೇ ನಾಯಕ ನಿಧಿ ಹೊತ್ತುಕೊಂಡು ಹೊರಟಲ್ಲಿಂದ!

“ರೀ, ಇದು ಕೊನೆ ಕಣ್ರೀ.”

“ಗೊತ್ತು ಕಣೇ. ಪ್ರೂಫ್‌ನ ಕೊನೇ ಸಾಲಿಂದ ಮೇಲಕ್ಕೆ ಓದಬೇಕು. ಮೊದಲಿಂದ ಓದಿದ್ರೆ ಕಥೆ ನಮ್ಮನ್ನ ಎಳ್ಕೊಂಡು ಹೋಗುತ್ತೆ, ತಪ್ಪು ಕಾಣಲ್ಲ. ಅದಕ್ಕೇ ಹತ್ತತ್ತು ನಿಮಿಷ ಹಿಂದಕ್ಕೆ ಹೋಗ್ತಾ ನೋಡ್ತೀನಿ.”

“ಸಿನಿಮಾ ನೋಡೋದೇ ಕಥೆ ಎಳ್ಕೊಂಡು ಹೋಗ್ಲಿ ಅಂತ ಅಲ್ವಾ?”

“ಅದು ನಿಮ್ಮಂಥವರಿಗೆ.”

ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಸ್ವಲ್ಪ ಜೋರಾಗಿಯೇ ಮಡಚಿದಳು.

ಹೀಗೆ ಹಿಮ್ಮುಖವಾಗಿ ಸಾಗಿದ ಸಂಶೋಧನೆ, ಮೊದಲ ನಲವತ್ತು ನಿಮಿಷ ಬಾಕಿ ಇರುವಾಗ ಗೊರಕೆಯಲ್ಲಿ ಪರ್ಯವಸಾನವಾಯಿತು. ಎದ್ದು ಟಿಪ್ಪಣಿ ಎಣಿಸಿದರು: ದೋಷ ಮೂವತ್ತೊಂದು, ಗುಣ ಸೊನ್ನೆ.

“ಶುರುವಿನದ್ದೂ ನೋಡಿಬಿಡಿ. ಎಲ್ಲಾ ಇರೋದು ಅಲ್ಲೇ,” ಎಂದಳು ಹೆಂಡತಿ.

“ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಕಣೇ!”

“ನಿಮಗೆ ಹೇಳೋದೂ ಒಂದೇ, ಈ ಗೋಡೆಗೆ ಹೇಳೋದೂ ಒಂದೇ.”

ಭಾನುವಾರ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸರದಿ ತಪ್ಪಣ್ಣನವರದೇ. ಗಂಟಲು ಸರಿಪಡಿಸಿಕೊಂಡು ಗುಡುಗಿದರು: “ದೋಷ ಒಂದು! ನಾಯಕ ಹಗ್ಗ ಹಿಡಿದು ಬಂಡೆಯಿಂದ ಇಳಿಯುತ್ತಾನೆ. ಆ ಹಗ್ಗ ಎಲ್ಲಿಂದ ಬಂತು? ಆಕಾಶದಿಂದ ಉದುರಿತೇ?”

ಮುಂದಿನ ಸಾಲಿನಲ್ಲಿದ್ದ ದರ್ಜಿ ಎದ್ದ. “ಹಡಗಿನ ಅಡುಗೆಯವನು ಕೊಡ್ತಾನಲ್ಲ ಸಾರ್, ಶುರುವಲ್ಲೇ.”

“ಇರಲಿ. ದೋಷ ಎರಡು! ನಾಯಕ ಈ ಖಳನಾಯಕನನ್ನು ಮಾವ, ಮಾವ ಎನ್ನುತ್ತಾನೆ. ಯಾವ ಸೀಮೆಯ ಮಾವ?”

“ಅಮ್ಮನ ತಮ್ಮ ಸಾರ್! ಮೊದಲನೇ ಸೀನಲ್ಲೇ ತೊಟ್ಟಿಲು ತೂಗ್ತಾನೆ.”

ತಪ್ಪಣ್ಣ ಟಿಪ್ಪಣಿಯ ಮೊದಲ ಎರಡು ಸಾಲಿಗೂ ಗೀಟು ಎಳೆದರು. ಆದರೂ ಬಿಡಲಿಲ್ಲ. “ದೋಷ ಮೂರು. ಬಿಳಿ ಕುದುರೆ ಯಾರೋ ಅಪರಿಚಿತನ ಸಿಳ್ಳೆಗೆ ಓಡಿ ಬರುವುದೇಕೆ?”

“ಅವನೇ ಸಾಕಿದ್ದು!” ಎಂದಿತು ಇಡೀ ಸಭೆ ಒಂದೇ ಕೊರಳಿನಲ್ಲಿ.

ಹಲ್ಲಿನ ಡಾಕ್ಟರು ನೋಯುವ ಹಲ್ಲನ್ನು ಮುಟ್ಟುವಷ್ಟು ಮೃದುವಾಗಿ ಕೇಳಿದರು, “ಸಿನಿಮಾಕ್ಕೆ ಸ್ವಲ್ಪ ತಡವಾಗಿ ಬಂದ್ರಾ?”

“ಮೊದಲ ನಲವತ್ತು ನಿಮಿಷಗಳನ್ನು ನಾನು ಉದ್ದೇಶಪೂರ್ವಕವಾಗಿಯೇ ಕೈಬಿಟ್ಟಿದ್ದೇನೆ,” ಎಂದರು ತಪ್ಪಣ್ಣ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಆದರೆ ಮುಖ ಮಾತ್ರ ಇಂಗು ತಿಂದ ಮಂಗನಂತಾಗಿತ್ತು, ಸಭೆ ಬಿದ್ದು ಬಿದ್ದು ನಗುತ್ತಿತ್ತು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಗೆ ಕರುಳು ಚುರುಕ್ ಎಂದಿತು. ಮನೆಯಲ್ಲಿ ತಾನು ಎಷ್ಟೇ ಬೈಯಲಿ, ಊರವರು ನಗುವುದೆಂದರೇನು? ಎದ್ದು ನಿಂತಳು.

“ಯಾಕೆ ನಗ್ತೀರಿ? ದೋಷ ಇಲ್ವಾ ಆ ಸಿನಿಮಾದಲ್ಲಿ? ನಾಯಕ ಏಳು ಸಲ ಖಳನಾಯಕನ ಕೈಗೆ ಸಿಗ್ತಾನೆ. ಏಳು ಸಲಾನೂ ಆ ಪುಣ್ಯಾತ್ಮ ಕತ್ತಿ ಬೀಸೋ ಬದಲು ಭಾಷಣ ಬಿಗೀತಾನೆ.” (ಕೆಲವರು ತಪ್ಪಣ್ಣನವರತ್ತ ನೋಡಿದರು.) “ನಾಯಕಿಗೆ ಕಿರುಚೋದು ಬಿಟ್ರೆ ಬೇರೆ ಕೆಲಸಾನೇ ಇಲ್ಲ. ಆದ್ರೆ ಸೇತುವೆ ಕಡಿದಾಗ ಅವನು ಹಾರ್ತಾನಲ್ಲ, ಅದನ್ನ ಒಂಬತ್ತು ಸಲ ನೋಡಿದೀನಿ. ಬೀಳಲ್ಲ ಅಂತ ಗೊತ್ತು. ಆದ್ರೂ ಒಂಬತ್ತು ಸಲಾನೂ ಪಕ್ಕದವರ ಕೈ ಹಿಡ್ಕೊಂಡಿದೀನಿ. ಇನ್ನೇನು ಬೇಕು ಹೇಳಿ!”

ಚಪ್ಪಾಳೆ ನಿಲ್ಲಲೇ ಇಲ್ಲ. ಡಾಕ್ಟರು ತಮ್ಮ ಭಾಷಣವನ್ನು ಮಡಚಿ ಜೇಬಿಗಿಟ್ಟು, “ಕಾರ್ಯದರ್ಶಿ ಇವರೇ ಆಗ್ಲಿ,” ಎಂದುಬಿಟ್ಟರು. ಗಂಡನ ಮಾನ ಉಳಿಸಲು ಎದ್ದವಳು ಗಂಡನ ಕುರ್ಚಿಯಲ್ಲೇ ಕೂತಳು.

ಸೋಮವಾರ ಬೆಳಿಗ್ಗೆ ನೂತನ ಕಾರ್ಯದರ್ಶಿ ಒಂದು ಚೀಟಿ ತಂದು ಗಂಡನ ಮುಂದಿಟ್ಟಳು. “ಅಚ್ಚಿಗೆ ಹೋಗ್ಬೇಕು ರೀ, ಸ್ವಲ್ಪ ತಿದ್ದಿ ಕೊಡಿ.”

ಚೀಟಿಯಲ್ಲಿ ಹೀಗಿತ್ತು: ‘ಚಿತ್ರವನ್ನು ಪೂರ್ತಿ ನೋಡಿದವರಿಗೆ ಮಾತ್ರ ಮಾತಾಡಲು ಅವಕಾಶ.’

ತಪ್ಪಣ್ಣ ಕನ್ನಡಕ ಒರೆಸಿಕೊಂಡು ಅರ್ಧ ಗಂಟೆ ಹುಡುಕಿದರು. ಒಂದು ಕೊಂಬು, ಒಂದು ದೀರ್ಘ, ಕಡೆಗೆ ಒಂದು ಚುಕ್ಕೆಯಾದರೂ ತಪ್ಪಿರಬಾರದೇ ಎಂದು ಅವರ ಜೀವ ಹಂಬಲಿಸಿತು. ಕೊನೆಗೆ ನಿಟ್ಟುಸಿರು ಬಿಟ್ಟು ಕೆಳಗೆ ‘ತಪ್ಪಿಲ್ಲ’ ಎಂದು ಬರೆದು ಸಹಿ ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಹಾಗೆ ಬರೆದದ್ದು ಅದೇ ಮೊದಲು.